ಬ್ರೇಕ್‌ಪಾಯಿಂಟ್ ನಿಲ್ಲುತ್ತಿಲ್ಲ, ಕನೆಕ್ಷನ್ ಕಟ್ ಆಗುತ್ತಿದೆ: ತಪ್ಪು ಡಿಬಗರ್‌ದೋ ಕೇಬಲ್‌ದೋ?

ಎರಡು ಪ್ರಶ್ನೆಗಳು ಪದೇ ಪದೇ ಬರುತ್ತಲೇ ಇರುತ್ತವೆ. "ಬ್ರೇಕ್‌ಪಾಯಿಂಟ್ ಹಾಕಿದ್ದೇನೆ, ಪ್ರೋಗ್ರಾಂ ಅಲ್ಲಿ ನಿಲ್ಲೋದೇ ಇಲ್ಲ" ಅನ್ನೋದು ಒಂದು. "ನಿಲ್ಲುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಕನೆಕ್ಷನ್ ಕಟ್ ಆಗುತ್ತದೆ, ನೆಟ್‌ವರ್ಕ್ ಕಾರ್ಡ್ ಹೋಗಿದೆಯಾ?" ಅನ್ನೋದು ಇನ್ನೊಂದು. ಡಿಬಗರ್ ಅಂದರೆ ಓಡುವ ಪ್ರೋಗ್ರಾಂ ಅನ್ನು ನಿಲ್ಲಿಸಿ, ಒಳಗೆ ನೋಡಿ ತಪ್ಪು ಹುಡುಕುವ ಸಾಧನ. ಬ್ರೇಕ್‌ಪಾಯಿಂಟ್ ಅಂದರೆ ಇಲ್ಲಿಗೆ ಬಂದಾಗ ನಿಲ್ಲು ಅಂತ ಕೋಡ್‌ನ ಒಂದು ಸಾಲಿಗೆ ಹಾಕುವ ಗುರುತು. ಎರಡು ಪ್ರಶ್ನೆಗೂ ಇಲ್ಲಿ ಒಟ್ಟಿಗೇ ಉತ್ತರ ಕೊಡುತ್ತಿದ್ದೇನೆ. ಯಾಕಂದರೆ ಬೇರೆ ಮೆಷಿನ್‌ನಲ್ಲಿ ಓಡುವ ಪ್ರೋಗ್ರಾಂ ಅನ್ನು ನಿಮ್ಮ ಮೆಷಿನ್‌ನಿಂದ ಡಿಬಗ್ ಮಾಡುವಾಗ ಒಂದರ ವೇಷ ಹಾಕಿಕೊಂಡು ಇನ್ನೊಂದು ಬರುತ್ತದೆ. ಕೇಬಲ್ ಕೆಟ್ಟಿದ್ದರೆ ಡಿಬಗರ್ ಕೆಟ್ಟ ಹಾಗೆ ಕಾಣುತ್ತದೆ. ಬ್ರೇಕ್‌ಪಾಯಿಂಟ್‌ನಲ್ಲಿ ಪ್ರೋಗ್ರಾಂ ನಿಂತರೆ ನೆಟ್‌ವರ್ಕ್ ಕೆಟ್ಟ ಹಾಗೆ ಕಾಣುತ್ತದೆ. ಹಾಗಾಗಿ ರಿಪೇರಿಗೆ ಕೈ ಹಾಕುವ ಮೊದಲು ಎರಡನ್ನೂ ಬಿಡಿಸಿ ನೋಡಬೇಕು.

ಕೈಯಲ್ಲಿ ಏನೇನು ಇರಬೇಕು

ಎರಡೂ ಮೆಷಿನ್‌ಗಳಲ್ಲಿ ಅಡ್ಮಿನ್ ಅನುಮತಿ. ಈಗ ಓಡುತ್ತಿರುವ ಪ್ರೋಗ್ರಾಂ ಯಾವ ಬಿಲ್ಡ್‌ನದೋ ಅದೇ ಬಿಲ್ಡ್‌ನ ಸಿಂಬಲ್ ಫೈಲ್ ಮತ್ತು ಸೋರ್ಸ್ ಕೋಡ್. ಸಿಂಬಲ್ ಫೈಲ್ ಅಂದರೆ ಮೆಷಿನ್ ಕೋಡ್‌ನ ಯಾವ ವಿಳಾಸ ನಿಮ್ಮ ಸೋರ್ಸ್‌ನ ಯಾವ ಸಾಲಿಗೆ ಸೇರುತ್ತದೆ ಅಂತ ಹೇಳುವ ಪಟ್ಟಿ. ವಿಂಡೋಸ್‌ನಲ್ಲಿ ಅದು ಪಿಡಿಬಿ ಅನ್ನೋ ಬೇರೆ ಫೈಲ್ ಆಗಿರುತ್ತದೆ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಪ್ರೋಗ್ರಾಂ ಫೈಲಿನ ಒಳಗೇ ಇರುತ್ತದೆ. ಇದರ ಜೊತೆಗೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಖಾತ್ರಿ ಇರುವ ಒಂದು ನೆಟ್‌ವರ್ಕ್ ಕೇಬಲ್. "ಅಲ್ಲೆಲ್ಲೋ ಡ್ರಾಯರ್‌ನಲ್ಲಿ ಬಿದ್ದಿತ್ತು" ಅನ್ನೋ ಕೇಬಲ್ ಲೆಕ್ಕಕ್ಕಿಲ್ಲ.

ಇನ್ನೊಂದು ಖಾಲಿ ಟೆಕ್ಸ್ಟ್ ಫೈಲ್ ತೆರೆದಿಟ್ಟುಕೊಳ್ಳಿ. ಏನು ಬದಲಿಸಿದಿರಿ, ಏನಾಯಿತು, ಅಷ್ಟು ಬರೆದರೆ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್, ಡ್ರೈವರ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಅಂತ ಗೊತ್ತಾಗೋದೇ ಇಲ್ಲ, ಮುಂದಿನ ವಾರ ಅದೇ ತೊಂದರೆ ಮತ್ತೆ ಬಂದು ಕೂರುತ್ತದೆ.

ಬ್ರೇಕ್‌ಪಾಯಿಂಟ್ ಹಾಕಿದಾಗ ಒಳಗೆ ಏನಾಗುತ್ತದೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಅರ್ಧ ಎರರ್‌ಗಳು ಇಷ್ಟು ತಿಳಿದರೆ ತಾವಾಗೇ ಅರ್ಥವಾಗುತ್ತವೆ.

ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಲ್ಲಿ ನೀವು ಒಂದು ಸಾಲಿನ ಮೇಲೆ ಬ್ರೇಕ್‌ಪಾಯಿಂಟ್ ಹಾಕಿದರೆ, ಡಿಬಗರ್ ಆ ಸಾಲಿನ ಮೆಷಿನ್ ಕೋಡ್ ಮೆಮೊರಿಯಲ್ಲಿ ಎಲ್ಲಿದೆ ಅಂತ ಹುಡುಕಿ, ಅದರ ಮೊದಲ ಬೈಟನ್ನು ಎತ್ತಿ ಬೇರೆ ಕಡೆ ಇಟ್ಟುಕೊಂಡು, ಆ ಜಾಗದಲ್ಲಿ ಹೆಕ್ಸ್ ಸಿಸಿ ಅನ್ನೋ ಒಂದು ಬೈಟ್ ಬರೆಯುತ್ತದೆ. ಇದಕ್ಕೆ ಇಂಟ್ 3 ಅಂತ ಹೆಸರು. ಪ್ರೊಸೆಸರ್ ಅಲ್ಲಿಗೆ ಬಂದ ಕೂಡಲೇ ಎಕ್ಸೆಪ್ಶನ್ ಎದ್ದು ಪ್ರೋಗ್ರಾಂ ನಿಲ್ಲುತ್ತದೆ, ಡಿಬಗರ್‌ಗೆ ಸುದ್ದಿ ಹೋಗುತ್ತದೆ. ನೀವು ಮುಂದುವರಿಸಿ ಅಂದಾಗ ಹಳೆಯ ಬೈಟ್ ವಾಪಸ್ ಹಾಕಿ, ಒಂದು ಹೆಜ್ಜೆ ನಡೆಸಿ, ಮತ್ತೆ ಸಿಸಿ ಬರೆಯುತ್ತದೆ. ಇದು ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್.

ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಬೇರೆ. ಅದರಲ್ಲಿ ಕೋಡ್‌ಗೆ ಕೈ ಹಚ್ಚುವುದಿಲ್ಲ. ಪ್ರೊಸೆಸರ್‌ನ ಒಳಗಿರುವ ವಿಶೇಷ ರಿಜಿಸ್ಟರ್‌ನಲ್ಲಿ ವಿಳಾಸ ಬರೆದಿಟ್ಟರೆ ಪ್ರೊಸೆಸರೇ ಕಾದು ನಿಲ್ಲಿಸುತ್ತದೆ. ಆದರೆ ಇಂಟೆಲ್ ಮಾದರಿಯಲ್ಲಿ ಇಂಥ ವಿಳಾಸದ ರಿಜಿಸ್ಟರ್ ಇರೋದು ನಾಲ್ಕೇ.

ಅಂದರೆ ಬ್ರೇಕ್‌ಪಾಯಿಂಟ್ ಕೆಲಸ ಮಾಡಬೇಕಾದರೆ ಮೂರು ಆಗಬೇಕು: ಸಾಲಿಗೆ ವಿಳಾಸ ಸಿಗಬೇಕು, ಆ ವಿಳಾಸದಲ್ಲಿ ಬರೆಯಲು ಆಗಬೇಕು, ಪ್ರೋಗ್ರಾಂ ಅಲ್ಲಿಗೆ ಬರಬೇಕು. ಯಾವುದು ತಪ್ಪಿದೆ ಅಂತ ನೋಡುತ್ತಾ ಹೋಗೋಣ.

1. ಮೊದಲು ಕಡೆ ಗೊತ್ತು ಮಾಡಿ

ಸಾಧ್ಯವಾದರೆ ಡಿಬಗರ್ ಮತ್ತು ಪ್ರೋಗ್ರಾಂ ಎರಡನ್ನೂ ಒಂದೇ ಮೆಷಿನ್‌ನಲ್ಲಿ ಓಡಿಸಿ. ಅಲ್ಲೂ ಬ್ರೇಕ್‌ಪಾಯಿಂಟ್ ನಿಲ್ಲದಿದ್ದರೆ ನೆಟ್‌ವರ್ಕ್ ಕಡೆ ತಲೆ ಹಾಕಲೇಬೇಡಿ, 2ರಿಂದ 5ರವರೆಗಿನ ಹಂತ ನೋಡಿ. ಒಂದೇ ಮೆಷಿನ್‌ನಲ್ಲಿ ಸರಿ ಇದ್ದು ರಿಮೋಟ್‌ನಲ್ಲಿ ಮಾತ್ರ ಕೆಟ್ಟರೆ 6ಕ್ಕೆ ಹೋಗಿ.

ಉಲ್ಟಾ ಪರೀಕ್ಷೆಯೂ ಬೇಕು. ಡಿಬಗರ್ ಪೂರ್ತಿ ಮುಚ್ಚಿ. ಎರಡು ಮೆಷಿನ್‌ಗಳ ನಡುವೆ ಪಿಂಗ್ ಬಿಟ್ಟು, ಜೊತೆಗೆ ಕೆಲವು ಜಿಬಿ ಇರುವ ಫೈಲ್ ಒಂದನ್ನು ಕಾಪಿ ಮಾಡಿ. ಡಿಬಗರ್ ಇಲ್ಲದಿದ್ದಾಗಲೂ ಕಾಪಿ ನಿಂತು ನಿಂತು ಹೋದರೆ ನೇರವಾಗಿ 8ನೇ ಹಂತಕ್ಕೆ ಬನ್ನಿ. ಬರೀ ಪಿಂಗ್ ನಂಬಬೇಡಿ. ಅದು ಕಳಿಸೋದು ಪುಟ್ಟ ಪ್ಯಾಕೆಟ್, ಅದೂ ಸೆಕೆಂಡಿಗೊಂದು. ಅರ್ಧ ಕೆಟ್ಟ ಕೇಬಲ್ ಮೇಲೂ ಆರಾಮಾಗಿ ಹೋಗಿ ಬರುತ್ತದೆ.

2. ಸಂದೇಶವನ್ನು ಪೂರ್ತಿ ಓದಿ

ತುಂಬಾ ಜನ ಬ್ರೇಕ್‌ಪಾಯಿಂಟ್ ತೋರಿಸುವ ಕೆಂಪು ಚುಕ್ಕೆ ಟೊಳ್ಳಾಗಿದೆ ಅಂತ ಮಾತ್ರ ಹೇಳುತ್ತಾರೆ. ಅದರ ಮೇಲೆ ಮೌಸ್ ಇಟ್ಟರೆ ಕಾರಣ ಬರೆದಿರುತ್ತದೆ, ಓದಿರೋದಿಲ್ಲ.

ವಿಷುಯಲ್ ಸ್ಟುಡಿಯೋದಲ್ಲಿ ಎರಡು ಸಂದೇಶ ಜಾಸ್ತಿ ಕಾಣುತ್ತವೆ. ಈ ಫೈಲಿಗೆ ಸಿಂಬಲ್ ಲೋಡ್ ಆಗಿಲ್ಲ ಅಂತ ಬಂದರೆ ಮೊದಲ ಷರತ್ತೇ ತಪ್ಪಿದೆ, ಸಾಲಿಗೆ ವಿಳಾಸ ಸಿಕ್ಕಿಲ್ಲ. ಸೋರ್ಸ್ ಕೋಡ್ ಮೂಲಕ್ಕಿಂತ ಬೇರೆ ಇದೆ ಅಂತ ಬಂದರೆ ಸಿಂಬಲ್ ಸಿಕ್ಕಿದೆ, ಆದರೆ ನೀವು ತೆರೆದಿರುವ ಫೈಲ್ ಆ ಬಿಲ್ಡ್‌ಗೆ ಸೇರಿದ್ದಲ್ಲ. ಮೊದಲನೆಯದಕ್ಕೆ ಸರಿಯಾದ ಪಿಡಿಬಿ ಬೇಕು, ಎರಡನೆಯದಕ್ಕೆ ಸರಿಯಾದ ಸೋರ್ಸ್ ಬೇಕು ಅಥವಾ ಹೊಸದಾಗಿ ಬಿಲ್ಡ್ ಮಾಡಬೇಕು. ಸೋರ್ಸ್ ಬೇರೆ ಇದ್ದರೂ ಪರವಾಗಿಲ್ಲ ಅನ್ನೋ ಸೆಟ್ಟಿಂಗ್ ಒಂದಿದೆ. ದಯವಿಟ್ಟು ಅದನ್ನು ಒತ್ತಬೇಡಿ. ಚುಕ್ಕೆ ತುಂಬಿಕೊಳ್ಳುತ್ತದೆ, ಆದರೆ ಪ್ರೋಗ್ರಾಂ ನೀವು ಹೇಳಿದ ಸಾಲು ಬಿಟ್ಟು ಇನ್ನೆಲ್ಲೋ ನಿಲ್ಲುತ್ತದೆ, ಆಮೇಲೆ ನೀವು ನೋಡುವ ವೇರಿಯಬಲ್‌ಗೂ ಸಾಲಿಗೂ ಸಂಬಂಧವೇ ಇರೋದಿಲ್ಲ.

ಜಿಡಿಬಿಯಲ್ಲಿ, ಅಂದರೆ ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಡಿಬಗರ್‌ನಲ್ಲಿ, ಸಿಂಬಲ್ ಟೇಬಲ್ ಲೋಡ್ ಆಗಿಲ್ಲ ಅಂತ ಬಂದರೆ ಕಂಪೈಲ್ ಮಾಡುವಾಗ ಡಿಬಗ್ ಮಾಹಿತಿ ಸೇರಿಸುವ ಮೈನಸ್ ಜಿ ಆಯ್ಕೆ ಬಿಟ್ಟುಹೋಗಿದೆ, ಅಥವಾ ಪ್ರೋಗ್ರಾಂ ಫೈಲನ್ನು ಜಿಡಿಬಿಗೆ ಕೊಟ್ಟೇ ಇಲ್ಲ, ಅಥವಾ ಯಾರೋ ಸ್ಟ್ರಿಪ್ ಮಾಡಿದ್ದಾರೆ, ಅಂದರೆ ಫೈಲಿನಿಂದ ಸಿಂಬಲ್‌ಗಳನ್ನು ಕಿತ್ತುಹಾಕಿದ್ದಾರೆ. ಬ್ರೇಕ್‌ಪಾಯಿಂಟನ್ನು ಪೆಂಡಿಂಗ್ ಇಡಲಾ ಅಂತ ಕೇಳಿದರೆ ಗಾಬರಿ ಬೇಡ: ಆ ಫಂಕ್ಷನ್ ಇನ್ನೂ ಲೋಡ್ ಆಗದ ಲೈಬ್ರರಿಯಲ್ಲಿ ಇರಬಹುದು ಅಂತ ಅರ್ಥ. ಹೌದು ಅನ್ನಿ. ಆದರೆ ಫಂಕ್ಷನ್ ಹೆಸರಿನ ಅಕ್ಷರ ತಪ್ಪಿದ್ದರೂ ಇದೇ ಪ್ರಶ್ನೆ ಬರುತ್ತದೆ, ಹೌದು ಅಂದರೆ ಅದು ಕೊನೇ ತನಕ ಪೆಂಡಿಂಗ್ ಆಗಿಯೇ ಕೂತಿರುತ್ತದೆ. ಹೆಸರು ಎರಡು ಸಲ ನೋಡಿ.

ಬ್ರೇಕ್‌ಪಾಯಿಂಟ್ 1 ಹಾಕಲು ಆಗಲಿಲ್ಲ, ಈ ವಿಳಾಸದ ಮೆಮೊರಿ ಮುಟ್ಟಲು ಆಗಲಿಲ್ಲ ಅನ್ನೋ ಎರರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಈಗಿನ ಲಿನಕ್ಸ್ ಪ್ರೋಗ್ರಾಂಗಳು ಪ್ರತಿ ಸಲ ಬೇರೆ ಬೇರೆ ವಿಳಾಸದಲ್ಲಿ ಲೋಡ್ ಆಗುತ್ತವೆ. ಓಡಿಸುವ ಮೊದಲು ಡಿಸ್‌ಅಸೆಂಬ್ಲಿ, ಅಂದರೆ ಮೆಷಿನ್ ಕೋಡ್‌ನ ಸಾಲುಪಟ್ಟಿ ನೋಡಿ, ಅಲ್ಲಿ ಕಂಡ 1139ರಂಥ ಸಣ್ಣ ವಿಳಾಸಕ್ಕೆ ಬ್ರೇಕ್‌ಪಾಯಿಂಟ್ ಹಾಕಿದರೆ, ಓಡುವಾಗ ಆ ವಿಳಾಸದಲ್ಲಿ ಏನೂ ಇರೋದಿಲ್ಲ. ಮೊದಲು ಸ್ಟಾರ್ಟ್ ಕಮಾಂಡ್ ಕೊಟ್ಟು ಮೇನ್‌ನಲ್ಲಿ ನಿಲ್ಲಿಸಿ, ಆಮೇಲೆ ವಿಳಾಸ ನೋಡಿ ಹಾಕಿ. ಇಲ್ಲಾ, ಫಂಕ್ಷನ್ ಹೆಸರಿನಿಂದಲೇ ಹಾಕಿ, ಈ ತಲೆನೋವೇ ಬೇಡ.

3. ಓಡುತ್ತಿರುವುದು ನೀವು ಬಿಲ್ಡ್ ಮಾಡಿದ್ದೇನಾ?

ಇದು ಮೂರ್ಖ ಪ್ರಶ್ನೆಯ ಹಾಗೆ ಕಾಣುತ್ತದೆ, ಅಲ್ವಾ? ಆದರೂ ಇದನ್ನು ಮೊದಲು ಕೇಳಿಕೊಳ್ಳಿ. ವಿಷುಯಲ್ ಸ್ಟುಡಿಯೋದಲ್ಲಿ ಡಿಬಗ್ ಮೆನು, ಅದರೊಳಗೆ ವಿಂಡೋಸ್, ಅದರೊಳಗೆ ಮಾಡ್ಯೂಲ್ಸ್ ತೆರೆಯಿರಿ. ಪ್ರತಿ ಡಿಎಲ್‌ಎಲ್, ಅಂದರೆ ವಿಂಡೋಸ್‌ನ ಲೈಬ್ರರಿ ಫೈಲ್, ಯಾವ ಫೋಲ್ಡರ್‌ನಿಂದ ಬಂದಿದೆ, ಅದಕ್ಕೆ ಸಿಂಬಲ್ ಸಿಕ್ಕಿದೆಯಾ ಅಂತ ಅಲ್ಲಿ ಇರುತ್ತದೆ. ಜಿಡಿಬಿಯಲ್ಲಿ ಇನ್ಫೋ ಶೇರ್ಡ್‌ಲೈಬ್ರರಿ ಕಮಾಂಡ್ ಇದೇ ಕೆಲಸ ಮಾಡುತ್ತದೆ. ಫೈಲಿನ ದಾರಿ ನೀವು ಅಂದುಕೊಂಡದ್ದಲ್ಲದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಪಿಡಿಬಿ ಹೆಸರು ಒಂದೇ ಇದ್ದರೆ ಸಾಲದು. ಪ್ರತಿ ಬಿಲ್ಡ್‌ಗೆ ಒಂದು ಗುರುತಿನ ಸಂಖ್ಯೆ ಪ್ರೋಗ್ರಾಂ ಒಳಗೂ ಪಿಡಿಬಿ ಒಳಗೂ ಕೂರುತ್ತದೆ. ಎರಡೂ ಹೊಂದದಿದ್ದರೆ ಡಿಬಗರ್ ಅದನ್ನು ಒಪ್ಪುವುದಿಲ್ಲ. ಅದೇ ಸೋರ್ಸ್‌ನಿಂದ ಇನ್ನೊಂದು ಸಲ ಬಿಲ್ಡ್ ಮಾಡಿದ ಪಿಡಿಬಿಯೂ ಸಾಮಾನ್ಯವಾಗಿ ನಡೆಯೋದಿಲ್ಲ.

ಕಂಟೇನರ್ ಒಳಗೆ ಅಥವಾ ರಿಮೋಟ್‌ನಲ್ಲಿ ಓಡಿಸುವವರಿಗೆ ಇನ್ನೊಂದು ಗುಂಡಿ ಇದೆ. ಅಲ್ಲಿ ಕೋಡ್ ಇರುವ ಫೋಲ್ಡರ್ ಒಂದು, ನಿಮ್ಮ ಮೆಷಿನ್‌ನಲ್ಲಿ ಇರುವ ಫೋಲ್ಡರ್ ಇನ್ನೊಂದು. ಯಾವುದಕ್ಕೆ ಯಾವುದು ಅಂತ ಡಿಬಗರ್‌ಗೆ ಹೇಳಿಕೊಡದಿದ್ದರೆ ಚುಕ್ಕೆ ಬೂದು ಬಣ್ಣದಲ್ಲೇ ಉಳಿಯುತ್ತದೆ. ವಿಎಸ್ ಕೋಡ್‌ನಲ್ಲಿ ಪೈಥಾನ್‌ಗೆ ಪಾತ್ ಮ್ಯಾಪಿಂಗ್ಸ್ ಅನ್ನೋ ಸೆಟ್ಟಿಂಗ್ ಇದಕ್ಕೇ ಇರೋದು. ಟೈಪ್‌ಸ್ಕ್ರಿಪ್ಟ್ ಬರೆಯುವವರಿಗೆ ಸೋರ್ಸ್ ಮ್ಯಾಪ್ ಬೇಕು, ಅಂದರೆ ಕೊನೆಗೆ ಹುಟ್ಟುವ ಜಾವಾಸ್ಕ್ರಿಪ್ಟ್‌ನ ಸಾಲನ್ನು ಮೂಲ ಸಾಲಿಗೆ ಕೂಡಿಸುವ ಫೈಲ್. ಅದನ್ನು ಹುಟ್ಟಿಸುವ ಆಯ್ಕೆ ಆಫ್ ಇದ್ದರೆ ಬ್ರೇಕ್‌ಪಾಯಿಂಟ್ ನಿಲ್ಲೋದು ಅದೃಷ್ಟದ ಮಾತು.

ಆಪ್ಟಿಮೈಸೇಶನ್ ಕೂಡ ನೋಡಿ. ರಿಲೀಸ್ ಬಿಲ್ಡ್‌ನಲ್ಲಿ ಕಂಪೈಲರ್ ಸಣ್ಣ ಫಂಕ್ಷನ್‌ಗಳನ್ನು ಕರೆದ ಜಾಗದಲ್ಲೇ ಬಿಚ್ಚಿ ಸೇರಿಸುತ್ತದೆ, ಕೆಲವು ಸಾಲುಗಳನ್ನು ತೆಗೆದೇ ಹಾಕುತ್ತದೆ. ಇಲ್ಲದ ಸಾಲಿನ ಮೇಲೆ ಹಾಕಿದ ಬ್ರೇಕ್‌ಪಾಯಿಂಟ್ ಪಕ್ಕದ ಸಾಲಿಗೆ ಜಾರುತ್ತದೆ. ಡಿಬಗ್ ಮಾಡುವಾಗ ಆಪ್ಟಿಮೈಸೇಶನ್ ಸೊನ್ನೆಗೆ ಇಳಿಸಿ.

4. ಚುಕ್ಕೆ ತುಂಬಿದೆ, ಆದರೂ ನಿಲ್ಲುತ್ತಿಲ್ಲ

ಎರಡು ಷರತ್ತು ಸರಿ ಇವೆ ಅಂತಾಯಿತು. ಈಗ ಪ್ರೋಗ್ರಾಂ ಅಲ್ಲಿಗೆ ಬರುತ್ತಿದೆಯಾ? ಮೊದಲು ಮೇನ್ ಫಂಕ್ಷನ್‌ನ ಮೊದಲ ಸಾಲಿಗೆ ಒಂದು ಬ್ರೇಕ್‌ಪಾಯಿಂಟ್ ಹಾಕಿ. ಅಲ್ಲಿ ನಿಂತರೆ ಡಿಬಗರ್ ಆರೋಗ್ಯವಾಗಿದೆ, ಆಮೇಲೆ ಒಂದೊಂದೇ ಫಂಕ್ಷನ್ ಒಳಗೆ ಸರಿಸುತ್ತಾ ಹೋಗಿ.

ಹೆಚ್ಚಾಗಿ ಸಿಗುವ ಕಾರಣ ಚೈಲ್ಡ್ ಪ್ರೋಸೆಸ್. ಪ್ರೋಗ್ರಾಂ ಫೋರ್ಕ್ ಮಾಡಿದರೆ, ಅಂದರೆ ತನ್ನದೇ ಇನ್ನೊಂದು ಪ್ರತಿ ಹುಟ್ಟಿಸಿದರೆ, ಜಿಡಿಬಿ ಸುಮ್ನೆ ತಾಯಿಯ ಜೊತೆಗೇ ಉಳಿದು ಮರಿಯನ್ನು ಬಿಟ್ಟುಬಿಡುತ್ತದೆ. ಸೆಟ್ ಫಾಲೋ-ಫೋರ್ಕ್-ಮೋಡ್ ಚೈಲ್ಡ್ ಅಂತ ಕೊಟ್ಟರೆ ಮರಿಯ ಹಿಂದೆ ಹೋಗುತ್ತದೆ. ಕೋಡ್ ಬದಲಾದ ಕೂಡಲೇ ತಾವೇ ರೀಲೋಡ್ ಆಗುವ ವೆಬ್ ಸರ್ವರ್‌ಗಳಲ್ಲೂ ಇದೇ ಕತೆ, ನಿಮ್ಮ ಕೋಡ್ ಓಡೋದು ಮರಿ ಪ್ರೋಸೆಸ್‌ನಲ್ಲಿ. ಡಿಬಗ್ ಮಾಡುವಾಗ ಆ ರೀಲೋಡ್ ಆಯ್ಕೆ ಆಫ್ ಮಾಡಿ ನೋಡಿ.

ಕಂಡಿಷನಲ್ ಬ್ರೇಕ್‌ಪಾಯಿಂಟ್ ಬಗ್ಗೆ ಹುಷಾರು. ಎಣಿಕೆ ಐದಾದಾಗ ನಿಲ್ಲಲಿ ಅಂತ ಹೇಳುವಾಗ == ಬದಲು ಒಂದೇ = ಹಾಕಿದರೆ, ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿ ಡಿಬಗರ್ ಪ್ರತಿ ಸುತ್ತಿಗೂ ವೇರಿಯಬಲ್‌ಗೆ ಐದು ಬರೆದು ನಿಲ್ಲುತ್ತದೆ. ನಿಮ್ಮ ಡೇಟಾವನ್ನು ಡಿಬಗರೇ ಹಾಳು ಮಾಡಿದಂತಾಯಿತು. ಇನ್ನು ಷರತ್ತು ಸರಿ ಇದ್ದರೂ, ಪ್ರತಿ ಸಲ ಪ್ರೋಗ್ರಾಂ ನಿಲ್ಲಿಸಿ, ಷರತ್ತು ನೋಡಿ, ಮತ್ತೆ ಬಿಡಬೇಕಾಗುತ್ತದೆ. ಲಕ್ಷ ಸಲ ಸುತ್ತುವ ಲೂಪ್‌ನಲ್ಲಿ ಪ್ರೋಗ್ರಾಂ ಸತ್ತ ಹಾಗೆ ಕಾಣುತ್ತದೆ. ಅಂಥ ಕಡೆ ಕೋಡ್‌ನಲ್ಲೇ ಒಂದು ಇಫ್ ಬರೆದು ಅದರೊಳಗೆ ಸಾಮಾನ್ಯ ಬ್ರೇಕ್‌ಪಾಯಿಂಟ್ ಹಾಕೋದು ವಾಸಿ.

ಲೈಬ್ರರಿ ಕೋಡ್ ಒಳಗೆ ನಿಲ್ಲುತ್ತಿಲ್ಲ ಅಂದರೆ ಬಹುಶಃ ಜಸ್ಟ್ ಮೈ ಕೋಡ್, ಅಂದರೆ ನಿಮ್ಮದಲ್ಲದ ಕೋಡ್ ಅನ್ನು ದಾಟಿ ಹೋಗುವ ಡಿಬಗರ್ ಸೆಟ್ಟಿಂಗ್, ಆನ್ ಇದೆ. ಆಫ್ ಮಾಡಿ, ಮುಗಿಯಿತು.

5. ಹಾಕದೇ ಇರುವ ಕಡೆ ನಿಂತರೆ

ವಿಂಡೋಸ್‌ನಲ್ಲಿ 80000003 ಅನ್ನೋ ಎಕ್ಸೆಪ್ಶನ್ ಕೋಡ್, ಲಿನಕ್ಸ್‌ನಲ್ಲಿ ಸಿಗ್‌ಟ್ರ್ಯಾಪ್ ಸಿಗ್ನಲ್. ಎರಡೂ ಒಂದೇ ಮಾತು ಹೇಳುತ್ತವೆ: ಪ್ರೊಸೆಸರ್‌ಗೆ ಬ್ರೇಕ್‌ಪಾಯಿಂಟ್ ಸಿಕ್ಕಿತು. ಡಿಬಗರ್ ಇಲ್ಲದೆ ಓಡಿದ ಪ್ರೋಗ್ರಾಂ ಲಿನಕ್ಸ್ ಶೆಲ್‌ನಲ್ಲಿ 133 ಅನ್ನೋ ಎಕ್ಸಿಟ್ ಕೋಡ್ ಕೊಟ್ಟು ಸತ್ತರೂ ಇದೇ. ಸಿಗ್‌ಟ್ರ್ಯಾಪ್‌ನ ಸಂಖ್ಯೆ 5, ಅದಕ್ಕೆ ಶೆಲ್ 128 ಸೇರಿಸುತ್ತದೆ.

ವಿಂಡೋಸ್‌ನ ವಿನ್‌ಡಿಬಿಜಿ ಡಿಬಗರ್‌ನಲ್ಲಿ ಪ್ರೋಗ್ರಾಂ ಶುರುವಾದ ಕೂಡಲೇ ಒಂದು ಸಲ ಹೀಗೆ ನಿಲ್ಲೋದು ಸಹಜ, ಮುಂದುವರಿಸಿ. ಆದರೆ ಮಧ್ಯದಲ್ಲಿ, ಅದೂ ಮೆಮೊರಿ ಬಿಡುಗಡೆ ಮಾಡುವ ಜಾಗದಲ್ಲಿ ನಿಂತರೆ, ಅದನ್ನು ಡಿಬಗರ್‌ನ ಚೇಷ್ಟೆ ಅಂತ ತಳ್ಳಿಹಾಕಿ ಮುಂದುವರಿಸುತ್ತಾ ಹೋಗಬೇಡಿ. ವಿಂಡೋಸ್‌ನ ಹೀಪ್ ಮ್ಯಾನೇಜರ್, ಅಂದರೆ ಮೆಮೊರಿ ಹಂಚುವ ಭಾಗ, ತನ್ನ ಲೆಕ್ಕ ಕೆಟ್ಟಿರೋದು ಕಂಡಾಗ ಬೇಕೆಂದೇ ಹೀಗೆ ನಿಲ್ಲಿಸುತ್ತದೆ. ತಪ್ಪು ಆಗಿರೋದು ನಿಂತ ಜಾಗದಲ್ಲಿ ಅಲ್ಲ, ಅದಕ್ಕೆ ಎಷ್ಟೋ ಮೊದಲು ಯಾರೋ ತಮ್ಮ ಬಫರ್ ದಾಟಿ ಬರೆದಿದ್ದಾರೆ. ಕಂಪೈಲರ್‌ನ ಅಡ್ರೆಸ್ ಸ್ಯಾನಿಟೈಸರ್ ಅನ್ನೋ ಮೆಮೊರಿ ತಪಾಸಣೆ ಆಯ್ಕೆ ಆನ್ ಮಾಡಿ ಬಿಲ್ಡ್ ಮಾಡಿದರೆ ಬರೆದ ಜಾಗದಲ್ಲೇ ಹಿಡಿದುಕೊಡುತ್ತದೆ.

ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಜಾಸ್ತಿಯಾಯಿತು ಅನ್ನೋ ಎರರ್‌ಗೆ ಉತ್ತರ ಮೇಲೆಯೇ ಬಂದಿದೆ, ಇರೋದೇ ನಾಲ್ಕು. ಒಂದು ವೇರಿಯಬಲ್ ಬದಲಾದಾಗ ನಿಲ್ಲಿಸುವ ವಾಚ್‌ಪಾಯಿಂಟ್‌ಗಳೂ ಅದೇ ನಾಲ್ಕರಲ್ಲಿ ಪಾಲು ಕೇಳುತ್ತವೆ. ಆರ್ಮ್ ಕಾರ್ಟೆಕ್ಸ್ ಎಂ3, ಎಂ4 ಮೈಕ್ರೋಕಂಟ್ರೋಲರ್‌ಗಳಲ್ಲಿ ಕೋಡ್‌ಗೆ ಸಾಮಾನ್ಯವಾಗಿ ಆರು ಸಿಗುತ್ತವೆ. ಅಲ್ಲಿ ಕೋಡ್ ಫ್ಲ್ಯಾಶ್‌ನಲ್ಲಿ ಇರುವುದರಿಂದ ಬೈಟ್ ಬದಲಿಸೋದು ಸುಲಭವಲ್ಲ, ಅದಕ್ಕೇ ಡಿಬಗರ್ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್‌ಗಳನ್ನೇ ಬಳಸುತ್ತದೆ. ಹಳೆಯವನ್ನು ಅಳಿಸಿ. ನಿಷ್ಕ್ರಿಯ ಮಾಡಿದರೂ ನಡೆಯುತ್ತದೆ.

ಬೂಟ್‌ಲೋಡರ್ ಬರೆಯುವವರಿಗೆ ಒಂದು ಮಾತು. ಕೋಡ್ ತನ್ನನ್ನು ತಾನೇ ರ‍್ಯಾಮ್‌ಗೆ ಕಾಪಿ ಮಾಡಿಕೊಂಡು ಅಲ್ಲಿಂದ ಓಡುವುದಿದ್ದರೆ, ಕಾಪಿಗೆ ಮೊದಲು ರ‍್ಯಾಮ್‌ನಲ್ಲಿ ಹಾಕಿದ ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್ ಅಳಿಸಿಹೋಗುತ್ತದೆ. ಪಟ್ಟಿಯಲ್ಲಿ ಕಾಣುತ್ತದೆ, ಮೆಮೊರಿಯಲ್ಲಿ ಇರೋದಿಲ್ಲ. ಅಲ್ಲಿ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟೇ ಬೇಕು.

6. ರಿಮೋಟ್ ಡಿಬಗರ್ ಸೇರಿಕೊಳ್ಳುತ್ತಲೇ ಇಲ್ಲ

ಎರರ್‌ನಲ್ಲಿ ಯಾವ ಪದ ಇದೆ ನೋಡಿ. ರೆಫ್ಯೂಸ್ಡ್ ಅಂತ ಬಂದರೆ ಒಂದು ರೀತಿ ಒಳ್ಳೆಯ ಸುದ್ದಿ, ಬಹುಮಟ್ಟಿಗೆ ನೀವು ಆ ಮೆಷಿನ್ ತನಕ ತಲುಪಿದ್ದೀರಿ, ಕೇಬಲ್ ಸರಿ ಇದೆ, ಆ ಪೋರ್ಟ್‌ನಲ್ಲಿ ಯಾರೂ ಕೇಳುತ್ತಾ ಕೂತಿಲ್ಲ ಅಷ್ಟೆ. ಟೈಮ್ಡ್ ಔಟ್ ಅಂತ ಬಂದರೆ ಪ್ಯಾಕೆಟ್ ದಾರಿಯಲ್ಲೇ ಎಲ್ಲೋ ಮಾಯವಾಗಿದೆ: ಫೈರ್‌ವಾಲ್, ತಪ್ಪು ಐಪಿ ಅಥವಾ ಹಾರ್ಡ್‌ವೇರ್.

ರೆಫ್ಯೂಸ್ಡ್ ಆದಾಗ ಮೊದಲು ಅನುಮಾನಿಸಬೇಕಾದ್ದು ಪ್ರೋಗ್ರಾಂ ಯಾವ ವಿಳಾಸದಲ್ಲಿ ಕೇಳುತ್ತಿದೆ ಅನ್ನೋದನ್ನು. ಜಾವಾ 9ರಿಂದ ಡಿಬಗ್ ವಿಳಾಸಕ್ಕೆ ಬರೀ 5005 ಅಂತ ಕೊಟ್ಟರೆ ಅದು ಅದೇ ಮೆಷಿನ್‌ನಿಂದ ಬರುವ ಕನೆಕ್ಷನ್‌ಗಳನ್ನು ಮಾತ್ರ ಒಪ್ಪುತ್ತದೆ. ಹಳೆಯ ಜಾವಾದಲ್ಲಿ ಹಾಗಿರಲಿಲ್ಲ, ಹಾಗಾಗಿ ಜಾವಾ ಅಪ್‌ಗ್ರೇಡ್ ಮಾಡಿದ ಮಾರನೇ ದಿನ ರಿಮೋಟ್ ಡಿಬಗ್ ಕೆಟ್ಟಿತು ಅನ್ನೋರು ಇದನ್ನೇ ನೋಡಬೇಕು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಕೂಡ ಸಾಮಾನ್ಯವಾಗಿ 127.0.0.1ರಲ್ಲಿ, ಅಂದರೆ ಅದೇ ಮೆಷಿನ್‌ನಿಂದ ಮಾತ್ರ ತಲುಪಬಹುದಾದ ವಿಳಾಸದಲ್ಲಿ ಕೇಳುತ್ತದೆ, ಪೋರ್ಟ್ 9229. ಎಲ್ಲರಿಗೂ ತೆರೆದಿಡುವ ಬದಲು ಎಸ್‌ಎಸ್‌ಎಚ್ ಟನಲ್ ಮಾಡಿಕೊಳ್ಳಿ, ಅಂದರೆ ನಿಮ್ಮ ಮೆಷಿನ್‌ನ ಪೋರ್ಟನ್ನು ಎಸ್‌ಎಸ್‌ಎಚ್ ಮೂಲಕ ಆ ಕಡೆಯ ಪೋರ್ಟ್‌ಗೆ ಜೋಡಿಸಿ.

ಲಿನಕ್ಸ್‌ನಲ್ಲಿ ಈಗಾಗಲೇ ಓಡುವ ಪ್ರೋಸೆಸ್‌ಗೆ ಅಂಟಿಕೊಳ್ಳಲು ಹೋದಾಗ ಅನುಮತಿ ಇಲ್ಲ ಅಂತ ಬಂದರೆ ಅದಕ್ಕೂ ನೆಟ್‌ವರ್ಕ್‌ಗೂ ಸಂಬಂಧವಿಲ್ಲ. ಕರ್ನಲ್‌ನ ಪಿಟ್ರೇಸ್ ಸ್ಕೋಪ್ ಸೆಟ್ಟಿಂಗ್ 1 ಇದ್ದರೆ ಡಿಬಗರ್ ತಾನು ಹುಟ್ಟಿಸಿದ ಪ್ರೋಸೆಸ್‌ಗಳನ್ನು ಮಾತ್ರ ಮುಟ್ಟಬಹುದು. ಸುಡೋ ಬಳಸಿ.

7. ನಿಂತ ಮೇಲೆ ಕನೆಕ್ಷನ್ ಕಟ್ ಆಗುತ್ತದೆ

ನನ್ನ ಅನಿಸಿಕೆಯಲ್ಲಿ ಹೊಸ ನೆಟ್‌ವರ್ಕ್ ಕಾರ್ಡ್ ಸುಮ್ನೆ ಕೊಂಡವರಲ್ಲಿ ಹೆಚ್ಚಿನವರು ಇಲ್ಲಿ ಎಡವಿದವರು. ಇದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ.

ಮೊದಲನೆಯದು: ನೀವು ಡಿಬಗ್ ಮಾಡುವ ಪ್ರೋಗ್ರಾಂ ಬೇರೆ ಸರ್ವರ್ ಜೊತೆ ಮಾತಾಡುತ್ತಿರುತ್ತದೆ, ಕೆಲವು ಸೆಕೆಂಡಿಗೊಮ್ಮೆ ಬದುಕಿದ್ದೇನೆ ಅಂತ ಹಾರ್ಟ್‌ಬೀಟ್ ಸಂದೇಶ ಕಳಿಸುತ್ತಿರುತ್ತದೆ. ಬ್ರೇಕ್‌ಪಾಯಿಂಟ್‌ನಲ್ಲಿ ಎಲ್ಲ ಥ್ರೆಡ್‌ಗಳೂ, ಅಂದರೆ ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳೂ, ನಿಂತವು, ಹಾರ್ಟ್‌ಬೀಟ್ ಕಳಿಸುವ ಥ್ರೆಡ್ ಕೂಡ. ಆ ಕಡೆಯವರು ಕಾದು ನೋಡಿ ಕನೆಕ್ಷನ್ ಮುಚ್ಚಿದರು. ನೀವು ಮುಂದುವರಿಸಿದಾಗ ಕನೆಕ್ಷನ್ ರೀಸೆಟ್ ಎರರ್. ಹಾರ್ಡ್‌ವೇರ್‌ನಲ್ಲಿ ಏನೂ ತಪ್ಪಿಲ್ಲ. ಇಂಟೆಲಿಜೆ ಬಳಸುವವರು ಬ್ರೇಕ್‌ಪಾಯಿಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸಸ್ಪೆಂಡ್ ಆಯ್ಕೆಯನ್ನು ಆಲ್ ಬದಲು ಥ್ರೆಡ್‌ಗೆ ಹಾಕಿ, ಆಗ ಆ ಒಂದು ಥ್ರೆಡ್ ಮಾತ್ರ ನಿಲ್ಲುತ್ತದೆ. ಜಿಡಿಬಿಯಲ್ಲಿ ಪ್ರೋಗ್ರಾಂ ಶುರುಮಾಡುವ ಮೊದಲು ನಾನ್-ಸ್ಟಾಪ್ ಆನ್ ಮಾಡಬಹುದು. ನಿಲ್ಲಿಸುವುದೇ ಬೇಡ, ಬೆಲೆ ನೋಡಿದರೆ ಸಾಕು ಅನ್ನೋದಾದರೆ ಲಾಗ್‌ಪಾಯಿಂಟ್ ಹಾಕಿ. ಅದು ಆ ಸಾಲಿಗೆ ಬಂದಾಗ ಸಂದೇಶ ಬರೆದು ಮುಂದೆ ಹೋಗುತ್ತದೆ. ನೆಟ್‌ವರ್ಕ್ ಕೋಡ್ ಡಿಬಗ್ ಮಾಡುವಾಗ ನಾನು ಮೊದಲು ಕೈ ಹಾಕೋದು ಲಾಗ್‌ಪಾಯಿಂಟ್‌ಗೇ.

ಎರಡನೆಯದು: ಡಿಬಗರ್‌ನ ಸ್ವಂತ ಕನೆಕ್ಷನ್ನೇ ಕಟ್ ಆಗೋದು. ನೀವು ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿ ಕೋಡ್ ಓದುತ್ತಾ ಕೂತಿರಿ. ಆ ಹೊತ್ತಿನಲ್ಲಿ ಎರಡೂ ಕಡೆಯಿಂದ ಒಂದು ಬೈಟೂ ಓಡಾಡೋದಿಲ್ಲ. ಮಧ್ಯದ ಫೈರ್‌ವಾಲ್ ಅಥವಾ ನ್ಯಾಟ್ ಮಾಡುವ, ಅಂದರೆ ಒಳಗಿನ ಐಪಿ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ರೂಟರ್, ಈ ಕನೆಕ್ಷನ್ ಸತ್ತಿದೆ ಅಂತ ತನ್ನ ಪಟ್ಟಿಯಿಂದ ಅಳಿಸಿಬಿಡುತ್ತದೆ. ನೀವು ಮುಂದುವರಿಸಿ ಒತ್ತಿದಾಗ ಡಿಬಗರ್ ಹೆಪ್ಪುಗಟ್ಟುತ್ತದೆ. ಟಿಸಿಪಿಯ ಕೀಪ್‌ಅಲೈವ್ ಇದನ್ನು ತಪ್ಪಿಸಬೇಕಿತ್ತು, ಆದರೆ ಲಿನಕ್ಸ್‌ನಲ್ಲಿ ಅದು ಆನ್ ಇದ್ದರೂ ಮೊದಲ ಸಂದೇಶ ಹೋಗೋದು 7200 ಸೆಕೆಂಡ್ ಆದ ಮೇಲೆ, ಅಂದರೆ ಎರಡು ಗಂಟೆ. ಎಸ್‌ಎಸ್‌ಎಚ್ ಟನಲ್ ಮಾಡಿಕೊಂಡು ಅದರ ಸರ್ವರ್ ಅಲೈವ್ ಇಂಟರ್‌ವಲ್ ಅನ್ನು 60 ಸೆಕೆಂಡಿಗೆ ಇಟ್ಟರೆ ಸಾಕು. ನಿಂತ ಹೊತ್ತು ಮತ್ತು ಕಟ್ ಆಗೋದು, ಇವೆರಡರ ಲೆಕ್ಕ ಬರೆದು ನೋಡಿ. ಪ್ರತಿ ಸಲ ಸುಮಾರು ಅಷ್ಟೇ ನಿಮಿಷಕ್ಕೆ ಕಟ್ ಆದರೆ ಅದು ಟೈಮ್‌ಔಟ್. ಕೆಟ್ಟ ಕೇಬಲ್‌ಗೆ ಗಡಿಯಾರ ನೋಡುವ ಅಭ್ಯಾಸ ಇಲ್ಲ.

8. ಈಗ ಕೇಬಲ್ ಮತ್ತು ಪೋರ್ಟ್

ಹೊತ್ತು ಗೊತ್ತಿಲ್ಲದೆ ಕಟ್ ಆಗುತ್ತಿದೆ, ಡಿಬಗರ್ ಇಲ್ಲದಾಗಲೂ ಆಗುತ್ತಿದೆ ಅಂದರೆ ಹಾರ್ಡ್‌ವೇರ್ ನೋಡುವ ಸಮಯ.

ಇಲ್ಲಿ ಪೋರ್ಟ್ ಅಂದರೆ ಮೇಲೆ ಹೇಳಿದ ಸಂಖ್ಯೆಯಲ್ಲ, ಕೇಬಲ್ ಸಿಕ್ಕಿಸುವ ಕಿಂಡಿ. ಪೋರ್ಟ್ ಪಕ್ಕದ ದೀಪ ಉರಿಯುತ್ತಿದೆಯಾ? ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಅದರ ಮೇಲೆ ತೀರ್ಮಾನ ಬೇಡ. ಉರಿಯುತ್ತಿದ್ದರೆ ಲಿಂಕ್ ಇದೆ ಅಂತ ಮಾತ್ರ ತಿಳಿಯಿರಿ. ಕನೆಕ್ಟರ್ ಒಳಗೆ ಹೋಗುವಾಗ ಟಕ್ ಅಂತ ಸದ್ದಾಗಬೇಕು. ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ಕೇಬಲ್ ಬದಲಿಸಿ, ಟೇಪ್ ಸುತ್ತಿ ನಡೆಸಬೇಡಿ.

ಆಮೇಲೆ ವೇಗ ನೋಡಿ. ಲಿನಕ್ಸ್‌ನಲ್ಲಿ ಎಥ್‌ಟೂಲ್ ಕಮಾಂಡ್‌ಗೆ ಕಾರ್ಡಿನ ಹೆಸರು ಕೊಟ್ಟರೆ ವೇಗ, ಡ್ಯೂಪ್ಲೆಕ್ಸ್, ಲಿಂಕ್ ಮೂರೂ ಹೇಳುತ್ತದೆ. ವಿಂಡೋಸ್‌ನಲ್ಲಿ ಅಡಾಪ್ಟರ್‌ನ ಸ್ಟೇಟಸ್ ಕಿಟಕಿಯಲ್ಲಿದೆ. ಎರಡೂ ಕಡೆ ಗಿಗಾಬಿಟ್ ಇದ್ದು ಇಲ್ಲಿ 100 ಎಂಬಿಪಿಎಸ್ ಅಂತ ತೋರಿಸಿದರೆ ಕೇಬಲ್ ಮೇಲೆ ನೇರ ಅನುಮಾನ. ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಜೋಡಿ ಸಾಕು, ಅಂದರೆ 1, 2, 3, 6ನೇ ಪಿನ್‌ಗಳು. ಮಿಕ್ಕ ಜೋಡಿಯ ಒಂದು ತಂತಿ ಸರಿಯಾಗಿ ಕ್ರಿಂಪ್ ಆಗಿಲ್ಲದಿದ್ದರೆ ಕಾರ್ಡ್ ಮತ್ತು ಸ್ವಿಚ್, ಅಂದರೆ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆ, ತಾವೇ ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ. ಎಲ್ಲವೂ ನಡೆಯುತ್ತಿರುತ್ತದೆ, ನಿಧಾನ ಅಷ್ಟೆ. ಆ ತಂತಿ ಒಮ್ಮೆ ತಾಗಿ ಒಮ್ಮೆ ಬಿಟ್ಟರೆ ಲಿಂಕ್ ಬಿದ್ದು ಎದ್ದು ಆಡುತ್ತದೆ. ಕೇಬಲ್ ಕನೆಕ್ಟರ್ ಹತ್ತಿರ ಮೆಲ್ಲಗೆ ಅಲ್ಲಾಡಿಸುತ್ತಾ ಕರ್ನಲ್ ಲಾಗ್ ನೋಡಿ. ಲಿಂಕ್ ಡೌನ್, ಲಿಂಕ್ ಅಪ್ ಅಂತ ಸಾಲುಗಳು ಬಂದರೆ ಸಿಕ್ಕಿತು.

ಮುಂದಿನದು ಎರರ್ ಎಣಿಕೆ. ಪ್ರತಿ ಈಥರ್ನೆಟ್ ಫ್ರೇಮ್‌ನ ಕೊನೆಗೆ ನಾಲ್ಕು ಬೈಟ್‌ನ ಒಂದು ತಾಳೆ ಸಂಖ್ಯೆ ಇರುತ್ತದೆ, ಅದು ಸಿಆರ್‌ಸಿ. ತಲುಪಿದ ಕಡೆ ಲೆಕ್ಕ ಮಾಡಿ ನೋಡಿದಾಗ ತಾಳೆ ಆಗದಿದ್ದರೆ ಕಾರ್ಡ್ ಆ ಫ್ರೇಮನ್ನು ಸದ್ದಿಲ್ಲದೆ ಎಸೆಯುತ್ತದೆ. ಟಿಸಿಪಿ ಮತ್ತೆ ಕಳಿಸಿಕೊಳ್ಳುತ್ತದೆ, ಹಾಗಾಗಿ ನಿಮಗೆ ಎರರ್ ಕಾಣೋದಿಲ್ಲ, ಡಿಬಗರ್ ಆಗಾಗ ತೂಕಡಿಸುತ್ತದೆ ಅಷ್ಟೆ. ಎಥ್‌ಟೂಲ್‌ನ ಅಂಕಿಅಂಶ ಆಯ್ಕೆಯಲ್ಲಿ ಸಿಆರ್‌ಸಿ ಎಣಿಕೆ ಬರೆದುಕೊಳ್ಳಿ, ದೊಡ್ಡ ಫೈಲ್ ಕಾಪಿ ಮಾಡಿ, ಮತ್ತೆ ನೋಡಿ. ಎಣಿಕೆ ಎಷ್ಟಿದೆ ಅನ್ನೋದಕ್ಕಿಂತ ಏರುತ್ತಿದೆಯಾ ಅನ್ನೋದು ಮುಖ್ಯ, ಹಳೆಯ ಸಂಖ್ಯೆ ಯಾವತ್ತೋ ಆದದ್ದಿರಬಹುದು. ಎಣಿಕೆ ಯಾವ ಕಡೆ ಏರುತ್ತದೋ ಆ ಕಡೆಗೆ ಬರುವ ದಾರಿಯಲ್ಲಿ ಹಾಳಾಗುತ್ತಿದೆ ಅಂತ ಅರ್ಥ. ಅದು ಕೇಬಲ್ ಇರಬಹುದು, ಕಳಿಸುವ ಪೋರ್ಟ್ ಇರಬಹುದು, ಪಡೆಯುವ ಪೋರ್ಟ್ ಇರಬಹುದು.

ಬಿಡಿಸೋದು ಹೀಗೆ: ಮೊದಲು ಕೇಬಲ್ ಬದಲಿಸಿ ನೋಡಿ. ಏರೋದು ನಿಲ್ಲದಿದ್ದರೆ ಹೊಸ ಕೇಬಲನ್ನು ಸ್ವಿಚ್‌ನ ಬೇರೆ ಪೋರ್ಟ್‌ಗೆ ಹಾಕಿ. ಆಗಲೂ ನಿಲ್ಲದಿದ್ದರೆ ಅದೇ ಕೇಬಲ್, ಅದೇ ಪೋರ್ಟ್‌ಗೆ ಬೇರೆ ಕಂಪ್ಯೂಟರ್. ಈ ಕ್ರಮದಲ್ಲಿ ಹೋದರೆ ಅಗ್ಗದ ಸಾಮಾನು ಮೊದಲು, ದುಬಾರಿ ಸಾಮಾನು ಕೊನೆಗೆ ಬದಲಾಗುತ್ತದೆ. ತಾಮ್ರದ ಕೇಬಲ್ ಒಟ್ಟು ಉದ್ದ 100 ಮೀಟರ್ ದಾಟಬಾರದು ಅನ್ನೋದೂ ನೆನಪಿರಲಿ, ಗೋಡೆಯೊಳಗಿನದ್ದೂ ಸೇರಿ.

ಫೈಬರ್ ಇದ್ದರೆ ತುದಿಯ ದೂಳು ಮೊದಲ ಆರೋಪಿ, ಅದಕ್ಕಾಗಿಯೇ ಇರುವ ಕ್ಲೀನರ್‌ನಿಂದ ಒರೆಸಿ. ಬೆಳಕು ಬರುತ್ತಿದೆಯಾ ಅಂತ ಫೈಬರ್ ತುದಿಯನ್ನು ಕಣ್ಣಿಟ್ಟು ನೋಡಲೇಬೇಡಿ. ಆ ಲೇಸರ್ ಕಣ್ಣಿಗೆ ಕಾಣೋದಿಲ್ಲ, ಆದರೆ ಕಣ್ಣು ಹಾಳು ಮಾಡಬಲ್ಲದು.

9. ಕೇಬಲ್ ಸರಿ ಇದೆ, ಆದರೂ ಸರಿ ಇಲ್ಲ

ಡ್ಯೂಪ್ಲೆಕ್ಸ್ ಹೊಂದಿಕೆ ನೋಡಿ. ಫುಲ್ ಡ್ಯೂಪ್ಲೆಕ್ಸ್ ಅಂದರೆ ಎರಡೂ ಕಡೆ ಒಟ್ಟಿಗೆ ಮಾತಾಡಬಹುದು, ಹಾಫ್ ಅಂದರೆ ಒಬ್ಬರಾದ ಮೇಲೆ ಒಬ್ಬರು. ಯಾರೋ ಸ್ವಿಚ್‌ನಲ್ಲಿ 100 ಫುಲ್ ಅಂತ ಗಟ್ಟಿ ಮಾಡಿಟ್ಟಿದ್ದು, ನಿಮ್ಮ ಕಾರ್ಡ್ ಆಟೋದಲ್ಲಿದ್ದರೆ, ಕಾರ್ಡ್‌ಗೆ ವೇಗ ಗೊತ್ತಾಗುತ್ತದೆ ಆದರೆ ಡ್ಯೂಪ್ಲೆಕ್ಸ್ ಗೊತ್ತಾಗೋದಿಲ್ಲ, ಅದು ಹಾಫ್ ಹಿಡಿಯುತ್ತದೆ. ಪಿಂಗ್ ಚೆನ್ನಾಗಿರುತ್ತದೆ, ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಎರಡೂ ಕಡೆ ಆಟೋಗೆ ಬಿಡಿ.

ಇನ್ನೊಂದು ಲಕ್ಷಣ: ಡಿಬಗರ್ ಸೇರಿಕೊಳ್ಳುತ್ತದೆ, ಬ್ರೇಕ್‌ಪಾಯಿಂಟ್ ನಿಲ್ಲುತ್ತದೆ, ಆದರೆ ದೊಡ್ಡ ವೇರಿಯಬಲ್ ಬಿಚ್ಚಿದ ಕೂಡಲೇ ಹೆಪ್ಪುಗಟ್ಟುತ್ತದೆ. ವಿಪಿಎನ್ ಬಳಸುವವರು ಇದನ್ನು ಜಾಸ್ತಿ ನೋಡುತ್ತಾರೆ. ಸಣ್ಣ ಪ್ಯಾಕೆಟ್ ಹೋಗುತ್ತಿದೆ, ದೊಡ್ಡದು ದಾರಿಯಲ್ಲಿ ಸಾಯುತ್ತಿದೆ. ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿಗೆ ಎಂಟಿಯು ಅಂತಾರೆ, ಈಥರ್ನೆಟ್‌ನಲ್ಲಿ ಅದು ಸಾಮಾನ್ಯವಾಗಿ 1500 ಬೈಟ್. ಪಿಂಗ್‌ಗೆ ತುಂಡು ಮಾಡಬೇಡ ಅನ್ನೋ ಆಯ್ಕೆ ಕೊಟ್ಟು ಗಾತ್ರ 1472 ಇಟ್ಟು ಕಳಿಸಿ. ಅದಕ್ಕೆ 28 ಬೈಟ್ ಹೆಡರ್ ಸೇರಿ 1500 ಆಗುತ್ತದೆ. ಹೋಗದಿದ್ದರೆ ಗಾತ್ರ ಇಳಿಸುತ್ತಾ ಬನ್ನಿ, ಹೋದ ದೊಡ್ಡ ಗಾತ್ರಕ್ಕೆ 28 ಸೇರಿಸಿ ಅದನ್ನೇ ಕಾರ್ಡಿನ ಎಂಟಿಯು ಮಾಡಿ.

ಐಪಿ 169.254ರಿಂದ ಶುರುವಾಗಿದ್ದರೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಉತ್ತರ ಕೊಟ್ಟಿಲ್ಲ, ಮೆಷಿನ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ. 127.0.0.1ಕ್ಕೆ ಪಿಂಗ್ ಹೋಗುತ್ತದೆ ಅಂತ ಕಾರ್ಡ್ ಸರಿ ಇದೆ ಅನ್ನಬೇಡಿ, ಆ ಪ್ಯಾಕೆಟ್ ಕಾರ್ಡನ್ನು ಮುಟ್ಟುವುದೇ ಇಲ್ಲ.

ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚಾಪಟ್ಟೆ ಮಿನುಗುತ್ತಿದ್ದರೆ ಒಂದೇ ಕೇಬಲ್‌ನ ಎರಡೂ ತುದಿ ಅದೇ ಸ್ವಿಚ್‌ಗೆ ಸೇರಿದೆಯಾ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದಾಗ ಮಾತ್ರ ಲಿಂಕ್ ಬಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನೋ ಗುರುತು ತೆಗೆಯಿರಿ. ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಇರುವವರು ಇದನ್ನು ಮೊದಲೇ ಮಾಡಿ.

10. ಮುಗಿಸಿ ಏಳುವ ಮೊದಲು

ಡಿಬಗ್ ಪೋರ್ಟ್ ಮುಚ್ಚಿ. ಜಾವಾದ ಡಿಬಗ್ ಪೋರ್ಟ್‌ಗೆ ಪಾಸ್‌ವರ್ಡ್ ಇಲ್ಲ, ಅದನ್ನು ತಲುಪಿದ ಯಾರು ಬೇಕಾದರೂ ನಿಮ್ಮ ಪ್ರೋಗ್ರಾಂ ಒಳಗೆ ತಮ್ಮ ಕೋಡ್ ಓಡಿಸಬಹುದು. ನೋಡ್‌ನ ಇನ್‌ಸ್ಪೆಕ್ಟರ್ ಪೋರ್ಟ್ ಕೂಡ ಹಾಗೇ. ಪರೀಕ್ಷೆಗೆ ಅಂತ ಫೈರ್‌ವಾಲ್‌ನಲ್ಲಿ ಮಾಡಿದ ತೂತು, ಪಿಟ್ರೇಸ್ ಸ್ಕೋಪ್ ಇಳಿಸಿದ್ದರೆ ಅದು, ಬದಲಿಸಿದ ಎಂಟಿಯು, ಇವುಗಳಲ್ಲಿ ಯಾವುದು ಉಳಿಯಬೇಕು ಯಾವುದು ಹೋಗಬೇಕು ಅಂತ ಆ ಟೆಕ್ಸ್ಟ್ ಫೈಲ್ ನೋಡಿ ತೀರ್ಮಾನ ಮಾಡಿ. ಕೆಟ್ಟ ಕೇಬಲ್ ಸಿಕ್ಕಿದ್ದರೆ ಎರಡೂ ತುದಿ ಕತ್ತರಿಸಿ ಎಸೆಯಿರಿ. ಹಾಗೇ ಬಿಟ್ಟರೆ ಅದು ಖಂಡಿತ ಡ್ರಾಯರ್ ಸೇರುತ್ತದೆ.